ಜೋಡಿ ಮುದ್ರೆ

ಬಲಗೈ ಮೊಣಕೈಯಿಂದ ಮೇಲೆ ಹೋದರೆ ಸಾವಿರದ ಏಳುನೂರ ಅರವತ್ತನಾಲ್ಕು ರೂಪಾಯಿ. ಮೊಣಕೈಯಿಂದ ಕೆಳಗೆ ಹೋದರೆ ಸಾವಿರದ ಐನೂರ ಹನ್ನೆರಡು. ಅದೇ ಎಡಗೈ ಆದರೆ ಸಾವಿರದ ಇನ್ನೂರ ಅರವತ್ತು. ಒಂದು ಕಣ್ಣು ಏಳುನೂರ ಐವತ್ತಾರು. ಹೆಬ್ಬೆರಳು ಆರುನೂರ ಮೂವತ್ತು. ತೋರುಬೆರಳು ಇನ್ನೂರ ಐವತ್ತೆರಡು. ಉಳಿದ ಬೆರಳುಗಳು ತಲಾ ನೂರ ಇಪ್ಪತ್ತಾರು. ಉಂಗುರದ ಬೆರಳೆಂದು ಹೆಚ್ಚಿಲ್ಲ, ಕಿರುಬೆರಳೆಂದು ಕಡಿಮೆಯಿಲ್ಲ.

ಇದು ತಿಂಗಳಿಗೆ ಐವತ್ತೈದು ರೂಪಾಯಿ ಸಂಬಳದ ಆಳಿನ ಲೆಕ್ಕ. ನಮ್ಮ ಸಾಮಿಲ್ಲಿನ ಆಫೀಸು ಗೋಡೆಯ ಮೇಲೆ, ಗಣಪತಿ ಮತ್ತು ಲಕ್ಷ್ಮಿ ಪಟಗಳ ನಡುವೆ, ಈ ಪಟ್ಟಿ ಕಟ್ಟು ಹಾಕಿಸಿಕೊಂಡು ಕೂತಿತ್ತು. ಇನ್ಶೂರೆನ್ಸ್ ಕಂಪನಿಯವರು ಪಾಲಿಸಿಯ ಜೊತೆ ಕೊಟ್ಟದ್ದು. ನೂರಕ್ಕೆ ಇಷ್ಟು, ನೂರಕ್ಕೆ ಅಷ್ಟು ಎಂದು ಅದರಲ್ಲಿತ್ತು. ಅದನ್ನು ರೂಪಾಯಿ ಲೆಕ್ಕಕ್ಕೆ ಇಳಿಸಿದವನು ನಾನು, ಕ್ಯಾಲೆಂಡರಿನ ಹಿಂಭಾಗದಲ್ಲಿ. ಪ್ರತಿ ಆಯುಧ ಪೂಜೆಗೆ ಗೇಟಿನ ಗುರುಶಾಂತಪ್ಪ ಗೋಡೆಯ ಮೇಲಿದ್ದ ಪಟಗಳಿಗೆಲ್ಲ ಅರಿಶಿನ ಕುಂಕುಮ ಇಡುತ್ತಿದ್ದ. ಅವನಿಗೆ ಓದು ಬರುತ್ತಿರಲಿಲ್ಲವಾದ್ದರಿಂದ ಆ ಪಟ್ಟಿಗೂ ಇಡುತ್ತಿದ್ದ. ಏಳು ವರ್ಷ ಅದಕ್ಕೆ ಪೂಜೆ ನಡೆಯಿತು. ಓದಿದವರು ಯಾರೂ ಇರಲಿಲ್ಲ.

ಬೋರಣ್ಣನ ಕೈ ಮುರಿದ ಮೇಲೆ ನಾನು ಗಾಜಿನ ಮೇಲಿನ ಕುಂಕುಮ ಒರೆಸಿ ಪೂರ್ತಿ ಓದಿದೆ. ಕೈ ಹೋದರೆ ಎಷ್ಟು ಎಂದಿತ್ತು. ಕೈ ಸರಿ ಮಾಡಿಸಲು ಎಷ್ಟು ಎಂದು ಹುಡುಕಿದೆ. ಆ ಸಾಲು ಇರಲಿಲ್ಲ.

ಸಾವಿರದ ಒಂಬೈನೂರ ಐವತ್ತೇಳನೇ ಇಸವಿಯ ಮಾತು. ನಮ್ಮ ಮಿಲ್ಲು ಕನಕಪುರ ರಸ್ತೆಯಲ್ಲಿ, ಯಡಿಯೂರು ಕೆರೆ ದಾಟಿದ ಮೇಲೆ ಇತ್ತು. ಆಗ ಜಯನಗರದಲ್ಲಿ ಮನೆಗಳು ಏಳುತ್ತಿದ್ದ ಕಾಲ. ಬಾಗಿಲು, ಕಿಟಕಿ, ತೊಲೆ ಎಂದು ದಿನವೂ ಗಾಡಿಗಳು ನಿಲ್ಲುತ್ತಿದ್ದವು. ಹದಿನಾಲ್ಕು ಜನ ಆಳು. ನಾನು ಮೇಸ್ತ್ರಿ. ಮಿಲ್ಲಿನ ಹಿಂದೆಯೇ ಎರಡು ಕೋಣೆಯ ಮನೆ ಕೊಟ್ಟಿದ್ದರು, ಬಾಡಿಗೆ ಇಲ್ಲ. ಈ ಮನೆಯ ಸಂಗತಿ ಮುಂದೆ ಬೇಕಾಗುತ್ತದೆ, ಅದಕ್ಕೆ ಹೇಳಿದೆ.

ಮಾಲೀಕರು ಸೇತುರಾಮಯ್ಯನವರು, ಬಸವನಗುಡಿಯವರು. ಕೆಟ್ಟವರಲ್ಲ. ಆಳಿನ ಮನೆಯಲ್ಲಿ ಮದುವೆಯಾದರೆ ಒಂದು ಮೂಟೆ ಅಕ್ಕಿ ಕಳಿಸುತ್ತಿದ್ದರು. ಆದರೆ ಮರ ಕಳವಾಗುತ್ತದೆ ಎಂಬ ಒಂದು ಭಯ ಅವರಿಗೆ ಹಗಲಿರುಳೂ ಇತ್ತು. ಅದಕ್ಕಾಗಿ ಒಂದು ಮುದ್ರೆ ಸುತ್ತಿಗೆ ಮಾಡಿಸಿದ್ದರು. ಸುತ್ತಿಗೆಯ ಮುಖದಲ್ಲಿ ಮಿಲ್ಲಿನ ಗುರುತು, ಚಕ್ರದೊಳಗೊಂದು ‘ಸೇ’. ಗೇಟಿನಿಂದ ಆಚೆ ಹೋಗುವ ಮರಕ್ಕೆಲ್ಲ ಗುರುಶಾಂತಪ್ಪ ಆ ಸುತ್ತಿಗೆಯಿಂದ ಹೊಡೆದು ಗುರುತು ಮೂಡಿಸಬೇಕು. ಮಾರಿದ ಮರಕ್ಕೆ ಒಂದು ಮುದ್ರೆ. ಮಾಲೀಕರು ಸ್ವತಃ ಪುಕ್ಕಟೆ ಕೊಟ್ಟ ಮರಕ್ಕೆ ಪಕ್ಕಪಕ್ಕದಲ್ಲಿ ಎರಡು. ಮುದ್ರೆಯಿಲ್ಲದ ಕಡ್ಡಿ ಆಚೆ ಹೋಗುವಂತಿರಲಿಲ್ಲ. ಬರೆಯಲು ಬಾರದ ಗುರುಶಾಂತಪ್ಪನಿಗೆ ಇದೇ ಪುಸ್ತಕ, ಇದೇ ರಸೀತಿ. ಜೋಡಿ ಮುದ್ರೆ ಬೀಳುವುದು ಬಹಳ ಅಪರೂಪ. ಆ ವರ್ಷ ಬಿದ್ದದ್ದು ಮೂರು ಸಲ. ಒಂದು, ಹನುಮಂತನಗರದ ಗುಡಿಯೊಂದರ ಬಾಗಿಲಿಗೆ. ಇನ್ನೊಂದು, ಅವರ ಅಕ್ಕನ ಮನೆಯ ಉಯ್ಯಾಲೆ ಮಣೆಗೆ. ಮೂರನೆಯದು ಬೋರಣ್ಣನ ಕೈಗೆ.

ಬೋರಣ್ಣ ಸಾರಕ್ಕಿಯವನು. ದಿಮ್ಮಿಯನ್ನು ಟ್ರಾಲಿಗೆ ಏರಿಸಿ ಗರಗಸದ ಬಾಯಿಗೆ ಕೊಡುವ ಕೆಲಸ. ಟ್ರಾಲಿಯ ಸರಪಳಿ ಸವೆದಿತ್ತು. ಹೊಸದಕ್ಕೆ ಹದಿನಾಲ್ಕು ರೂಪಾಯಿ ಎಂದು ನಾನು ಎರಡು ಸಲ ಹೇಳಿದ್ದೆ. ದೀಪಾವಳಿ ಆಗಲಿ ಎಂದಿದ್ದರು. ಆಯುಧ ಪೂಜೆ ಕಳೆದು ಎರಡು ವಾರಕ್ಕೆ, ಮಧ್ಯಾಹ್ನ ನಾಲ್ಕು ಗಂಟೆಗೆ, ಸರಪಳಿ ಕಿತ್ತುಬಂತು. ಮತ್ತಿ ಮರದ ದಿಮ್ಮಿ ಉರುಳಿ ಬೋರಣ್ಣನ ಬಲಗೈಯನ್ನು ಕಂಬಕ್ಕೆ ಒತ್ತಿತು. ಮಣಿಕಟ್ಟಿನ ಮೇಲೆ ನಾಲ್ಕು ಬೆರಳು ಬಿಟ್ಟು ಎರಡೂ ಮೂಳೆ ಮುರಿದಿದ್ದವು. ಚರ್ಮ ಹರಿದಿರಲಿಲ್ಲ. ಬೋರಣ್ಣ ಕೂಗಲೂ ಇಲ್ಲ. “ಮೇಸ್ತ್ರಿ, ಕೈ ಯಾಕೋ ಬೇರೆ ಕಡೆ ನೋಡ್ತಾ ಐತೆ” ಎಂದ.

ಸೇತುರಾಮಯ್ಯನವರು ಆಫೀಸಿನಿಂದ ಓಡಿ ಬಂದರು. ನಾನು ಆಸ್ಪತ್ರೆ ಎಂದೆ.

“ಅಲ್ಲಯ್ಯ, ಆಸ್ಪತ್ರೆಗೆ ಹೋದ್ರೆ ಎಲ್ಲಾಯ್ತು, ಹೇಗಾಯ್ತು, ಸರಪಳಿ ಯಾವ ಕಾಲದ್ದು ಅಂತ ನೂರೆಂಟು ಪ್ರಶ್ನೆ. ಆಮೇಲೆ ಫ್ಯಾಕ್ಟರಿ ಇನ್‌ಸ್ಪೆಕ್ಟರು. ಬಿಳೇಕಹಳ್ಳಿ ಮುನಿವೆಂಕಟಮ್ಮನ ಹತ್ರ ಕರ್ಕೊಂಡು ಹೋಗೋಣ. ನಮ್ಮಮ್ಮ ಬಚ್ಚಲಲ್ಲಿ ಜಾರಿ ಕಾಲು ಮುರ್ಕೊಂಡಾಗ ಕಟ್ಟಿದೋಳು ಅವಳೇ. ಅಮ್ಮ ಈಗ ಗಾಂಧಿಬಜಾರಿಗೆ ನಡ್ಕೊಂಡು ಹೋಗ್ತಾರೆ.”

ಮುನಿವೆಂಕಟಮ್ಮ ಮೂಳೆ ಕಟ್ಟುವವಳು. ಅವಳ ಮಾವನ ಕಾಲದಿಂದ ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ದುಡ್ಡು ಮುಟ್ಟುವಂತಿಲ್ಲ. ಎಲೆ ಅಡಿಕೆ, ಒಂದು ತೆಂಗಿನಕಾಯಿ, ಎರಡು ಮೊಟ್ಟೆ ಇಷ್ಟೇ. ಕೈಕಾಲಿಗೆ ಇಟ್ಟು ಕಟ್ಟುವ ದಬ್ಬೆಗಳನ್ನು ರೋಗಿಯ ಕಡೆಯವರೇ ತರಬೇಕು. ಮೂಳೆ ಕೂಡಿದ ಮೇಲೆ ಆ ದಬ್ಬೆಗಳನ್ನು ಅವಳ ಮನೆ ಮುಂದಿನ ಹೊಂಗೆ ಮರಕ್ಕೆ ಕಟ್ಟಿ ಹೋಗಬೇಕು.

ದಬ್ಬೆ ಎಂದರೆ ಬಿದಿರು, ಎಲ್ಲರಿಗೂ ಗೊತ್ತು. ಆದರೆ ನಮ್ಮಲ್ಲಿ ಬಿದಿರು ಇರಲಿಲ್ಲ. ಸಾಮಿಲ್ಲಿನವರಿಗೆ ಬಿದಿರು ಮರವೇ ಅಲ್ಲ, ಎತ್ತರ ಬೆಳೆದ ಹುಲ್ಲು.

“ಬಿದಿರು ಯಾಕೆ? ನಮ್ಮಲ್ಲಿ ಮರಕ್ಕೆ ಬರವೇ? ಒಳ್ಳೇ ತೇಗದಲ್ಲಿ ನಾಲ್ಕು ಸೀಳಿಸು ತಿಮ್ಮರಾಯಪ್ಪ” ಎಂದರು ಮಾಲೀಕರು.

ನನಗೂ ಸರಿ ಎನಿಸಿತು. ಇದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಮೊಳದುದ್ದ, ಎರಡು ಬೆರಳಗಲದ ನಾಲ್ಕು ಪಟ್ಟಿ ಸೀಳಿ, ಉಜ್ಜುಗೊರಡು ಹಾಕಿ ನುಣುಪು ಮಾಡಿದೆ. ಅಷ್ಟು ಚೆನ್ನಾದ ದಬ್ಬೆಯನ್ನು ಆ ಸೀಮೆಯಲ್ಲಿ ಯಾರೂ ಕಟ್ಟಿಸಿಕೊಂಡಿರಲಾರರು.

ಕಾರಿನ ಹಿಂದಿನ ಸೀಟಿನಲ್ಲಿ ಬೋರಣ್ಣ ಮತ್ತು ನಾನು. ಮುಂದೆ ಮಾಲೀಕರು. ಗೇಟಿನಲ್ಲಿ ಗುರುಶಾಂತಪ್ಪ ಅಡ್ಡ ನಿಂತ.

“ಮರ ಐತಾ ಒಳಗೆ?”

“ದಬ್ಬೆ ಕಣಯ್ಯ, ಬಿಡು” ಎಂದೆ.

“ಯಾವ ಮರದ್ದು?”

“ತೇಗ.”

“ಹಂಗಾದ್ರೆ ಇಳ್ಸಿ. ಮಾರಿದ್ದಾ, ಕೊಟ್ಟಿದ್ದಾ?”

ಮಾಲೀಕರು ಬಯ್ಯುತ್ತಾರೆಂದುಕೊಂಡೆ. ಬಯ್ಯಲಿಲ್ಲ. ಅವರದೇ ನಿಯಮ. “ಕೊಟ್ಟಿದ್ದು. ಬೇಗ ಹೊಡಿ” ಎಂದರು. ಗುರುಶಾಂತಪ್ಪ ನಾಲ್ಕು ದಬ್ಬೆಗಳನ್ನು ಕಲ್ಲಿನ ಮೇಲಿಟ್ಟು ಒಂದೊಂದಕ್ಕೂ ಎರಡು ಏಟು ಹೊಡೆದ. ಎಂಟು ಏಟು. ಬೋರಣ್ಣ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಎಣಿಸುತ್ತಿದ್ದ.

ಬಿಳೇಕಹಳ್ಳಿ ತಲುಪಿದಾಗ ಹೊತ್ತು ಮುಳುಗುವುದರಲ್ಲಿತ್ತು. ಮುನಿವೆಂಕಟಮ್ಮ ಅರವತ್ತರ ಹೆಂಗಸು, ಮೈ ಸಣ್ಣದು, ಕೈ ಮಾತ್ರ ಗಂಡಸಿನದು. ಬೋರಣ್ಣನ ಕೈಯನ್ನು ಹಿಡಿದು ಎಳೆದು, ಹೊಂದಿಸಿ, ಮೊಟ್ಟೆಯ ಬಿಳಿ, ಸೊಪ್ಪು ಹಚ್ಚಿ, ದಬ್ಬೆ ಎಂದು ಕೈ ಚಾಚಿದಳು. ನಾನು ತೇಗ ಕೊಟ್ಟೆ. ತಿರುಗಿಸಿ ನೋಡಿದಳು.

“ಯಾವನಯ್ಯ ಇದನ್ನ ತಂದೋನು? ಬಾಗಿಲು ಮಾಡ್ಸಕ್ಕೆ ಬಂದಿದ್ದೀರೋ, ಕೈ ಕಟ್ಸಕ್ಕೋ?”

“ಬರ್ಮಾ ತೇಗ ಕಣಮ್ಮ” ಎಂದರು ಮಾಲೀಕರು.

“ಹಂಗಾದ್ರೆ ಬರ್ಮಾದೋರ ಕೈಗೆ ಕಟ್ಟಿ. ಇದು ಬಾಗಲ್ಲ ಸ್ವಾಮಿ. ಊತ ಏರ್ತದೆ, ಇಳೀತದೆ. ಬಿದಿರು ಅದರ ಜೊತೆ ಹೋಗ್ತದೆ, ಬರ್ತದೆ. ಇದು ನಿಂತಲ್ಲೇ ನಿಲ್ತದೆ, ಒಳಗೆ ಮೂಳೆ ಜರುಗ್ತದೆ.” ಕತ್ತಲಾಗಿತ್ತು, ಹತ್ತಿರದಲ್ಲಿ ಬಿದಿರು ಇರಲಿಲ್ಲ. ಅದನ್ನೇ ಕಟ್ಟಿದಳು. “ಇವತ್ತಿಗೆ ಇರ್ಲಿ. ನಾಳೆ ಬಿದಿರು ತಂದು ಬಿಚ್ಚಿ ಕಟ್ಟಿಸ್ಕೊಂಡು ಹೋಗಿ” ಎಂದಳು.

ಮರುದಿನ ಯಾರೂ ಹೋಗಲಿಲ್ಲ. ಮಾಲೀಕರಿಗೆ ಕೆಲಸವಿತ್ತು. ನಾನು ಮರೆತೆ. ಬೋರಣ್ಣ ಮರೆತಿರಲಿಲ್ಲ, ಆದರೆ ಅವನಿಗೆ ಮನಸ್ಸಿರಲಿಲ್ಲ. ಮಾಲೀಕರು ತಮ್ಮ ಕೈಯಾರೆ ಕೊಟ್ಟ ತೇಗವನ್ನು ಬಿಚ್ಚಿಸಿ ಬಿದಿರು ಕಟ್ಟಿಸಿಕೊಂಡರೆ ಅವರಿಗೆ ಅವಮಾನವಾಗುತ್ತದೆ ಎಂದುಕೊಂಡ. ಅಷ್ಟೇ ಅಲ್ಲ, ಸಾರಕ್ಕಿಯಲ್ಲಿ ಮನೆ ಮನೆಗೆ ಹೋಗಿ ಆ ಜೋಡಿ ಮುದ್ರೆ ತೋರಿಸಿ ಬಂದಿದ್ದ. ಊರಿನಲ್ಲಿ ತೇಗದ ಬಾಗಿಲು ಇದ್ದ ಮನೆಯೇ ಎರಡು. ತೇಗದ ಕೈ ಅವನೊಬ್ಬನದು.

ನಲವತ್ತೈದು ದಿನ ಕಳೆದು ಕಟ್ಟು ಬಿಚ್ಚಿದರು. ದಬ್ಬೆಗಳನ್ನು ಮರಕ್ಕೆ ಕಟ್ಟಿದರು. ಮೂಳೆ ಕೂಡಿತ್ತು, ಸೊಟ್ಟ ಕೂಡಿತ್ತು. ಅಂಗೈ ಕೆಳಮುಖವಾಗಿ ನಿಂತುಬಿಟ್ಟಿತ್ತು, ಮೇಲಕ್ಕೆ ತಿರುಗುತ್ತಿರಲಿಲ್ಲ. ಅನ್ನ ಕಲಸಬಹುದು, ಬಾಯಿಗೆ ಇಡಬೇಕಾದರೆ ಮೊಣಕೈಯನ್ನು ಕಿವಿಯ ಮಟ್ಟಕ್ಕೆ ಎತ್ತಬೇಕು. ದಿಮ್ಮಿ ಹಿಡಿಯುವ ಮಾತೇ ಇಲ್ಲ.

ಅವನ ಹೆಂಡತಿ ಸೊಣ್ಣಮ್ಮ ಜಯನಗರದಲ್ಲಿ ಸೊಪ್ಪು ಮಾರುವವಳು. ಅವಳೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿ ಡಾಕ್ಟರು ಹೇಳಿದ್ದು ಇಷ್ಟು: ಮೂಳೆಯನ್ನು ಮತ್ತೆ ಮುರಿದು ಒಳಗೆ ಸ್ಟೀಲ್ ಪಟ್ಟಿ ಹಾಕಿ ಸ್ಕ್ರೂ ಬಿಗಿದರೆ ಅಂಗೈ ಬಹುಮಟ್ಟಿಗೆ ತಿರುಗುತ್ತದೆ. ಶಿವರಾತ್ರಿಯೊಳಗೆ ಆಗಬೇಕು, ಆಮೇಲೆ ಕೀಲು ಬಿಗಿದುಕೊಂಡು ಏನು ಮಾಡಿದರೂ ಬರುವುದಿಲ್ಲ. ಹಾಸಿಗೆಗೆ, ಆಪರೇಷನ್ನಿಗೆ ದುಡ್ಡಿಲ್ಲ. ಪಟ್ಟಿ, ಸ್ಕ್ರೂ, ಕೆಲವು ಔಷಧ ಹೊರಗಿನಿಂದ ತರಬೇಕು, ನೂರ ನಲವತ್ತು ರೂಪಾಯಿ. ಮೂರು ತಿಂಗಳು ಕೆಲಸ ಮಾಡುವಂತಿಲ್ಲ.

ಕಟ್ಟು ಇದ್ದಷ್ಟು ದಿನ ಮಾಲೀಕರು ಅರ್ಧ ಸಂಬಳ ಕೊಟ್ಟಿದ್ದರು. ಬಿಚ್ಚಿದ ಮೇಲೆ ನಿಂತಿತ್ತು. ಬೋರಣ್ಣ ನೂರ ನಲವತ್ತು ಕೇಳಲು ಹೋದಾಗ ಅವರು ಇನ್ಶೂರೆನ್ಸಿನವರನ್ನು ಕೇಳುತ್ತೇನೆಂದರು. ಕೇಳಿದರು. ಆ ಕಂಪನಿಯ ವಕೀಲರು ಬಂದು ಕಾಫಿ ಕುಡಿದು ಹೇಳಿದರು: “ರಿಪೇರಿಗೆ ಪಾಲಿಸಿ ಇಲ್ಲ. ಊನಕ್ಕೆ ಪಾಲಿಸಿ ಇದೆ. ಆದ್ರೆ ಆಳು ಡಾಕ್ಟರ ಚಿಕಿತ್ಸೆ ಬೇಡ ಅಂದು ಕೈ ಕೆಡಿಸಿಕೊಂಡಿದ್ರೆ ಅದೂ ಕೊಡಬೇಕಾಗಿಲ್ಲ. ನೀವು ಆಸ್ಪತ್ರೆಗೆ ಹೋಗು ಅಂದಿರಿ, ಅವನು ಕೇಳದೆ ನಾಟಿ ಕಟ್ಟು ಕಟ್ಟಿಸಿಕೊಂಡ. ಹಾಗೇ ತಾನೆ ಆಗಿದ್ದು?”

ಸೇತುರಾಮಯ್ಯನವರು ವಕೀಲರು ಟೈಪು ಮಾಡಿಸಿ ತಂದಿದ್ದ ಕಾಗದ ಓದಿ ಸಹಿ ಹಾಕಿದರು. ಓದುವಾಗ ಕನ್ನಡಕ ತೆಗೆದಿಟ್ಟಿದ್ದರು.

ಸೊಣ್ಣಮ್ಮ ಆ ಸಂಜೆ ಸೊಪ್ಪಿನ ಬುಟ್ಟಿ ಇಳಿಸಿ ನಮ್ಮ ಮನೆ ಜಗುಲಿಯ ಮೇಲೆ ಕೂತಳು.

“ಏನಣ್ಣ, ನೀವೆಲ್ಲ ಸೇರಿ ತೇಗ ಕಟ್ಟಿದ್ರಿ. ಈಗ ನಮ್ಮೆಜಮಾನ್ರೇ ಓಡೋಗಿ ಕಟ್ಟಿಸ್ಕೊಂಡ್ರಂತೆ?”

“ನಾನೇನ್ ಮಾಡ್ಲಿ ಸೊಣ್ಣಮ್ಮ.”

“ನೀನು ಬಾಯಿ ಬಿಡಂಗಿಲ್ಲ, ಗೊತ್ತು. ಬಿಟ್ರೆ ಈ ಮನೆ ಬಿಡ್ಬೇಕು. ಎಲ್ಲಿ ಅರ್ಜಿ ಕೊಡ್ಬೇಕು ಅಷ್ಟು ಹೇಳು. ಅದಕ್ಕೇನು ಬಾಡಿಗೆ ಇಲ್ವಲ್ಲ.”

ಹೇಳಿದೆ. ಕಾರ್ಮಿಕರ ಪರಿಹಾರದ ಕಮಿಷನರಿಗೆ ಅರ್ಜಿ ಹೋಯಿತು. ಸಾಕ್ಷಿ ಎಂಬ ಕಡೆ ಅವಳು ನನ್ನ ಹೆಸರನ್ನೇ ಬರೆಸಿದ್ದಳು. ಅದನ್ನು ಮಾತ್ರ ನಾನು ಹೇಳಿರಲಿಲ್ಲ.

ವಿಚಾರಣೆಗೆ ಎರಡು ದಿನ ಮುಂಚೆ ಮಾಲೀಕರು ನನ್ನನ್ನು ಆಫೀಸಿಗೆ ಕರೆದರು. ಕೂರು ಎಂದರು. ಅದು ಹೊಸದು.

“ತಿಮ್ಮರಾಯಪ್ಪ, ನಿನಗೆ ಸುಳ್ಳು ಹೇಳು ಅಂತ ನಾನು ಹೇಳಲ್ಲ.”

“ಸರಿ ಸ್ವಾಮಿ.”

“ನೆನಪಿಲ್ಲ ಅನ್ನು. ಅಷ್ಟು ಸಾಕು. ನೆನಪಿಲ್ಲ ಅನ್ನೋದು ಸುಳ್ಳಲ್ಲ, ಮನುಷ್ಯನಿಗೆ ವಯಸ್ಸಾಗುತ್ತೆ.”

“ಆಗ್ತದೆ ಸ್ವಾಮಿ.”

“ಮನೆ ಹೆಂಚು ಸೋರ್ತಿದೆ ಅಂದಿದ್ದೆಯಲ್ಲ, ಮಿಲ್ಲಿನ ಖರ್ಚಲ್ಲಿ ಬದಲಾಯಿಸ್ಕೋ.”

ಆ ರಾತ್ರಿ ನಾನು ಲೆಕ್ಕ ಹಾಕಿದೆ. ಸತ್ಯ ಹೇಳಿದರೆ ಮನೆ ಹೋಗುತ್ತದೆ. ಸುಳ್ಳು ಹೇಳಿದರೆ ಬೋರಣ್ಣನ ಕೈ ಹೋಗುತ್ತದೆ. ನೆನಪಿಲ್ಲ ಎಂದರೆ ಮಾಲೀಕರ ಮಾತು ನಡೆಸಿದ ಹಾಗಾಗುತ್ತದೆ. ನೆನಪಿಲ್ಲ ಎಂದು ಹೇಳಿದ ಮೇಲೆ ಮತ್ತೇನೂ ಹೇಳಬೇಡ ಎಂದು ಅವರು ಹೇಳಿರಲಿಲ್ಲ.

ಕಮಿಷನರ ಹೆಸರು ಅನಂತಪದ್ಮನಾಭ. ಸಣ್ಣ ಆಳು, ದೊಡ್ಡ ಮೇಜು. ಎಲ್ಲವನ್ನೂ ತಾವೇ ಬರೆದುಕೊಳ್ಳುವವರು. ಯಾರಾದರೂ ಕೆಮ್ಮಿದರೂ ಬರೆಯುತ್ತಾರೇನೋ ಎಂದು ನಾನು ಕೆಮ್ಮು ತಡೆದುಕೊಂಡಿದ್ದೆ. ವಕೀಲರು ಅರ್ಧ ಗಂಟೆ ಮಾತಾಡಿದರು. ಬುದ್ಧಿಯಿರುವ ಯಾವ ಮನುಷ್ಯನೂ ಮುರಿದ ಕೈಯನ್ನು ಹಳ್ಳಿಯ ಹೆಂಗಸೊಬ್ಬಳಿಗೆ ಒಪ್ಪಿಸುವುದಿಲ್ಲ ಎಂದರು. ಸೇತುರಾಮಯ್ಯನವರು ಕಿಟಕಿ ಕಡೆ ನೋಡುತ್ತಿದ್ದರು. ಬೋರಣ್ಣ ತನ್ನ ಮಾತು ಹೇಳಿದ. ಮಾಲೀಕರೇ ಕಾರಿನಲ್ಲಿ ಕರೆದುಕೊಂಡು ಹೋದರು ಎಂದ. ಅದಕ್ಕೆ ಕಾಗದವೇನಾದರೂ ಇದೆಯೇ ಎಂದು ವಕೀಲರು ಕೇಳಿದರು. ಇಲ್ಲ ಎಂದ. ಆಮೇಲೆ ನಾನು.

“ಅವತ್ತು ಏನಾಯ್ತು ಹೇಳಿ” ಎಂದರು ಅನಂತಪದ್ಮನಾಭ.

“ನೆನಪಿಲ್ಲ ಸ್ವಾಮಿ.”

“ಯಾರು ಕರ್ಕೊಂಡು ಹೋದ್ರು?”

“ನೆನಪಿಲ್ಲ ಸ್ವಾಮಿ. ನಮ್ಮ ಮಿಲ್ಲಿನಲ್ಲಿ ಯಾರಿಗೂ ಏನೂ ನೆನಪಿರಲ್ಲ. ಅದಕ್ಕೇ ಎಲ್ಲಾದಕ್ಕೂ ಮುದ್ರೆ ಹೊಡೀತೀವಿ.”

ಬರೆಯುತ್ತಿದ್ದ ಪೆನ್ನು ನಿಂತಿತು. “ಯಾವುದಕ್ಕೆ?”

“ಗೇಟಿನಿಂದ ಆಚೆ ಹೋಗೋ ಮರಕ್ಕೆಲ್ಲ. ಕಡ್ಡಿಯಾದರೂ ಸರಿ. ಮಾರಿದ್ದಾದ್ರೆ ಒಂದು, ಮಾಲೀಕರು ಕೊಟ್ಟಿದ್ದಾದ್ರೆ ಎರಡು. ಮಾಲೀಕರ ಅಪ್ಪಣೆ, ಏಳು ವರ್ಷದಿಂದ ತಪ್ಪಿಲ್ಲ.”

“ಇವರ ಕೈಗೆ ಕಟ್ಟಿದ ದಬ್ಬೆ ಯಾವ ಮರದ್ದು?”

ನನಗೆ ನೆನಪಿಲ್ಲ ಎನ್ನುವಷ್ಟರಲ್ಲಿ ಸೊಣ್ಣಮ್ಮ ಹಿಂದಿನಿಂದ ಕೂಗಿದಳು: “ತೇಗದ್ದು ಸ್ವಾಮಿ! ಎರಡೆರಡು ಮುದ್ರೆ! ಬಿಳೇಕಹಳ್ಳಿ ಮರದಾಗೆ ನೇತಾಡ್ತಾ ಅವೆ, ಬಂದು ನೋಡಿ!”

ಅನಂತಪದ್ಮನಾಭ ಅದನ್ನೂ ಬರೆದುಕೊಂಡರು. ಮುಂದಿನ ಶನಿವಾರ ಸ್ಥಳ ತನಿಖೆ ಎಂದರು. ಶಿವರಾತ್ರಿಗೆ ಇಪ್ಪತ್ತೆರಡು ದಿನ ಉಳಿಯುತ್ತಿತ್ತು.

ಶನಿವಾರ ಬಿಳೇಕಹಳ್ಳಿಯಲ್ಲಿ ಜೀಪು ಒಂದು, ಕಾರು ಒಂದು, ನಡೆದು ಬಂದ ನಾವು ಮೂವರು. ಹೊಂಗೆ ಮರ ದೊಡ್ಡದು. ಕೊಂಬೆಕೊಂಬೆಗೂ ದಬ್ಬೆಗಳು, ಐನೂರೋ ಆರುನೂರೋ. ಗಾಳಿ ಬಂದಾಗ ಒಂದಕ್ಕೊಂದು ತಾಗಿ ಮರವೆಲ್ಲ ಹಲ್ಲು ಕಡಿದ ಹಾಗೆ ಸದ್ದು ಮಾಡುತ್ತಿತ್ತು. ಅನಂತಪದ್ಮನಾಭ ಕತ್ತೆತ್ತಿ ನೋಡಿ, ಒಂದು ನಿಟ್ಟುಸಿರು ಬಿಟ್ಟು, “ಆ ದಬ್ಬೆ ಇಳಿಸಮ್ಮ” ಎಂದರು.

“ಇಳ್ಸಲ್ಲ” ಎಂದಳು ಮುನಿವೆಂಕಟಮ್ಮ. “ಮರಕ್ಕೆ ಕೊಟ್ಟಿದ್ದು ಮರದ್ದು. ಇಳ್ಸಿದೋರಿಗೆ ಆ ನೋವು ಅಂಟ್ಕೊಳ್ತದೆ.”

“ಯಾರಾದ್ರೂ ಇಳ್ಸಿದ್ದಾರಾ?”

“ಒಬ್ಬ ಸೌದೆಗೆ ಅಂತ ಇಳ್ಸಿದ. ಇಳಿಯೋವಾಗ ಬಿದ್ದು ಕಾಲು ಮುರ್ಕೊಂಡ. ನಾನೇ ಕಟ್ಟಿದೆ. ಅಗೋ, ಅವನ ದಬ್ಬೆನೂ ಅಲ್ಲೇ ಐತೆ.”

ಕಮಿಷನರು ತಮ್ಮ ಗುಮಾಸ್ತರ ಕಡೆ ನೋಡಿದರು. ಗುಮಾಸ್ತರು ತಮ್ಮ ಬೂಟಿನ ಕಡೆ ನೋಡಿಕೊಂಡರು. ಕೊನೆಗೆ ಅನಂತಪದ್ಮನಾಭ ತಾವೇ ಚಪ್ಪಲಿ ಬಿಟ್ಟು ಕಲ್ಲುಕಟ್ಟೆ ಹತ್ತಿ, ಸೊಣ್ಣಮ್ಮ ತೋರಿಸಿದ ಕೊಂಬೆಯ ಹತ್ತಿರ ನಿಂತು, ಮುಟ್ಟದೆ, ಕನ್ನಡಕ ಸರಿಮಾಡಿಕೊಂಡು ಓದಿದರು. ಬಿದಿರಿನ ನಡುವೆ ತೇಗ ದೂರದಿಂದಲೇ ಕಾಣುತ್ತಿತ್ತು.

“ನಾಲ್ಕು ದಬ್ಬೆ. ಒಂದೊಂದರ ಮೇಲೆ ಚಕ್ರದೊಳಗೆ ‘ಸೇ’, ಎರಡೆರಡು ಸಲ.” ಅವರು ಮೇಲಿನಿಂದಲೇ ಕೇಳಿದರು. “ಎರಡು ಅಂದ್ರೆ ಏನು ಸೇತುರಾಮಯ್ಯನೋರೆ?”

ಸೇತುರಾಮಯ್ಯನವರು ವಕೀಲರ ಕಡೆ ತಿರುಗಿದರು. ವಕೀಲರು ಮುಂದೆ ಬಂದರು. “ಸಾರ್, ಇದರಿಂದ ಏನೂ ಸಾಬೀತಾಗಲ್ಲ. ಮಿಲ್ಲಿನ ಆಳು. ದಬ್ಬೆ ಕದ್ದು ತಂದಿರಬಹುದು. ಸುತ್ತಿಗೆ ಎತ್ತಿಕೊಂಡು ತಾನೇ ಹೊಡ್ಕೊಂಡಿರಬಹುದು. ಗೇಟಿನವನು ನಿದ್ದೆ ಮಾಡ್ತಿದ್ದಿರಬಹುದು.”

“ಏನಂದ್ರಿ?” ಎಂದರು ಸೇತುರಾಮಯ್ಯನವರು.

“ಕಳವು ಆಗಿರಬಹುದು ಅಂದೆ.”

“ನನ್ನ ಗೇಟಿನಲ್ಲಾ?”

“ಎಲ್ಲಾ ಕಡೆ ಆಗೋದೇ ಅಲ್ವೇ…”

“ಎಲ್ಲಾ ಕಡೆ ಆಗಬಹುದು ಸ್ವಾಮಿ. ನನ್ನ ಗೇಟಿನಲ್ಲಿ ಏಳು ವರ್ಷದಿಂದ ಒಂದು ಚಕ್ಕೆ ಆಚೆ ಹೋಗಿಲ್ಲ. ಆ ದಬ್ಬೆ ನಾನೇ ಕೊಟ್ಟಿದ್ದು. ನನ್ನ ಕಣ್ಣೆದುರಿಗೆ ಮುದ್ರೆ ಬಿತ್ತು. ನನ್ನ ಕಾರನ್ನೇ ನಿಲ್ಲಿಸಿ ಹೊಡೆದ ಗುರುಶಾಂತಪ್ಪ!” ಹೇಳಿ ಮುಗಿದ ಮೇಲೆ ತಾವು ಏನು ಹೇಳಿದೆವು ಎಂಬುದು ಅವರಿಗೆ ತಿಳಿಯಿತು. ಮುಖ ಒರೆಸಿಕೊಂಡರು. “ನಾನೇ ಕೊಟ್ಟೆ. ನಾನೇ ಕರ್ಕೊಂಡು ಬಂದೆ. ಬರ್ಕೊಳಿ” ಎಂದರು.

ಅನಂತಪದ್ಮನಾಭ ಕಟ್ಟೆಯ ಮೇಲೆ ಕೂತೇ ಬರೆದುಕೊಂಡರು. ವಕೀಲರು ಕಾರಿನ ಕಡೆ ಹೊರಟರು.

“ನಾನು ಬಿದಿರು ಕೇಳಿದ್ದೆ” ಎಂದಳು ಮುನಿವೆಂಕಟಮ್ಮ, ಯಾರನ್ನೂ ನೋಡದೆ. “ಅದನ್ನೂ ಬರ್ಕೊಳಿ ಸ್ವಾಮಿ. ಅಗೋ, ಪಕ್ಕದ ಕೊಂಬೇಲಿರೋದು ಇವ್ರ ತಾಯಮ್ಮೋರ್ದು. ಬಿದಿರು. ನೆಟ್ಟಗೆ ನಡೀತಾವ್ರೆ.”

ಸೇತುರಾಮಯ್ಯನವರು ಆ ಬಿದಿರಿನ ದಬ್ಬೆಗಳಿಗೆ ಕೈ ಮುಗಿದರು.

ಇಷ್ಟಾದ ಮೇಲೆ ದುಡ್ಡು ಸಿಕ್ಕಿತು ಎಂದು ನಾವೆಲ್ಲ ತಿಳಿದೆವು. ಕಮಿಷನರು ಪೆನ್ನು ಮುಚ್ಚಿ ಬೋರಣ್ಣನನ್ನು ಹತ್ತಿರ ಕರೆದರು.

“ನೋಡಪ್ಪ, ಆಸ್ಪತ್ರೆ ಬೇಡ ಅಂದೆ ಅನ್ನೋ ವಾದ ಬಿದ್ದುಹೋಯ್ತು. ಈಗ ನಿನ್ನ ಕೈ ಹೀಗೇ ಇದ್ರೆ, ಡಾಕ್ಟರು ಮೂವತ್ತು ಪರ್ಸೆಂಟು ಊನ ಅಂತ ಬರೆದಿದ್ದಾರೆ. ಏಳುನೂರ ಐವತ್ತಾರು ರೂಪಾಯಿ ಕೊಡಿಸ್ತೀನಿ. ಆಪರೇಷನ್ ಖರ್ಚು ಕೊಡಿಸೋಕೆ ನನಗೆ ಅಧಿಕಾರ ಇಲ್ಲ. ನೀನಾಗಿ ಮಾಡಿಸ್ಕೊಂಡು ಕೈ ಸರಿಹೋದ್ರೆ, ಊನ ಕಮ್ಮಿ ಆಗುತ್ತೆ, ದುಡ್ಡೂ ಕಮ್ಮಿ ಆಗುತ್ತೆ. ಪೂರ್ತಿ ಸರಿಹೋದ್ರೆ ಏನೂ ಇಲ್ಲ.”

ಸೊಣ್ಣಮ್ಮ ಮುಂದೆ ಬಂದಳು. “ಕೈ ಕೆಟ್ರೆ ದುಡ್ಡು. ಕೈ ಸರಿಯಾದ್ರೆ ದುಡ್ಡಿಲ್ಲ. ಸರಿ ಮಾಡ್ಸಕ್ಕೂ ದುಡ್ಡಿಲ್ಲ. ಇದ್ಯಾವ ಕಾನೂನು ಸ್ವಾಮಿ?”

“ಸಾವಿರದ ಒಂಬೈನೂರ ಇಪ್ಪತ್ಮೂರರದ್ದಮ್ಮ” ಎಂದರು ಅನಂತಪದ್ಮನಾಭ.

ಏಳುನೂರ ಐವತ್ತಾರು ಎಂದರೆ ಬೋರಣ್ಣನ ಹದಿಮೂರು ತಿಂಗಳ ಸಂಬಳಕ್ಕಿಂತ ಹೆಚ್ಚು. ಎರಡು ಹಸು ಕಟ್ಟಬಹುದು, ಜಯನಗರದವರಿಗೆ ಹಾಲು ಹಾಕಬಹುದು. ನಾನೇ ಆಗಿದ್ದರೆ ಅರ್ಧ ದಿನ ಯೋಚಿಸುತ್ತಿದ್ದೆ. ಗಂಡ ಹೆಂಡತಿ ಮರದ ಆಚೆ ಬದಿಗೆ ಹೋಗಿ ನಿಂತರು. ಮಾತು ಕೇಳಿಸಲಿಲ್ಲ, ದಬ್ಬೆಗಳ ಸದ್ದು ಅಡ್ಡ ಬರುತ್ತಿತ್ತು. ಆ ಹೊತ್ತಿನಲ್ಲಿ ಸೇತುರಾಮಯ್ಯನವರು ನನ್ನ ಪಕ್ಕ ಬಂದು ನಿಂತರು.

“ನೆನಪಿಲ್ಲ ಅಂತಲೇ ಹೇಳಿದೆ ಅಲ್ವೇನಯ್ಯ?”

“ತಮ್ಮ ಮಾತು ಮೀರಿಲ್ಲ ಸ್ವಾಮಿ.”

“ಹ್ಞೂಂ” ಎಂದರು. “ಆ ಪಟ್ಟಿ, ಸ್ಕ್ರೂ, ಎಷ್ಟಂದ?”

“ನೂರ ನಲವತ್ತು.”

“ತೇಗ ನಾನು ಹೇಳಿದ್ದು. ಸರಪಳಿ ಬೇಡ ಅಂದೋನೂ ನಾನೇ.” ಅವರು ಹೋಗಿ ಕಮಿಷನರ ಮುಂದೆ ನಿಂತರು. “ಕಾನೂನಿನಲ್ಲಿ ಇಲ್ಲದ್ದನ್ನ ನಾವಾಗಿ ಒಪ್ಪಂದ ಮಾಡ್ಕೋಬಹುದೇ?”

“ಮಾಡ್ಕೊಂಡು ನನ್ನ ಹತ್ರ ರಿಜಿಸ್ಟರ್ ಮಾಡಿಸಬಹುದು. ಇಬ್ಬರೂ ಒಪ್ಪಿದ್ರೆ.”

“ಪಟ್ಟಿ, ಸ್ಕ್ರೂ, ಔಷಧದ ದುಡ್ಡು ನಾನು ಕೊಡ್ತೀನಿ. ಅವನು ಕೆಲಸಕ್ಕೆ ಬರೋವರೆಗೂ ಹದಿನೈದು ದಿನಕ್ಕೆ ಹದಿನೈದು ರೂಪಾಯಿ. ಬಂದಾಗ ಕೆಲಸ. ಆದ್ರೆ ಆಮೇಲೆ ಊನದ ದುಡ್ಡು ಕೇಳಬಾರದು. ಇದು ನನ್ನ ಕೈಯಿಂದ ಹೋಗೋದು, ಕಂಪನಿ ಒಂದು ಕಾಸು ಕೊಡಲ್ಲ.”

ಬೋರಣ್ಣ ಮರದ ಆಚೆಯಿಂದ ಬಂದ. ಅನಂತಪದ್ಮನಾಭ ಎರಡನ್ನೂ ಮತ್ತೊಮ್ಮೆ ನಿಧಾನವಾಗಿ ವಿವರಿಸಿದರು. ಒಂದು ಕಡೆ ಸೊಟ್ಟ ಕೈ, ಏಳುನೂರ ಐವತ್ತಾರು. ಇನ್ನೊಂದು ಕಡೆ ಆಪರೇಷನ್ನು, ಸರಿಯಾದರೂ ಆಗಬಹುದು, ಆಗದೆಯೂ ಇರಬಹುದು, ಮುಂದೆ ಒಂದು ಕಾಸೂ ಇಲ್ಲ. ಅವಸರವಿಲ್ಲ, ಯೋಚಿಸಿ ಹೇಳು ಎಂದರು.

“ದುಡ್ಡು ಇಸ್ಕೊಳ್ಳಕ್ಕೂ ಅಂಗೈ ತಿರುಗ್ಬೇಕಲ್ಲ ಸ್ವಾಮಿ” ಎಂದ ಬೋರಣ್ಣ. “ಕೈ ಮಾಡಿಸ್ಕೊಂಡು ಬಿಡ್ತೀನಿ.”

“ನಿನ್ನ ಹೆಂಡತಿ ಏನಂತಾಳೆ?”

“ಅವಳೇ ಹೇಳಿದ್ದು. ಹಸು ತಂದ್ರೆ ಹಾಲು ಕರಿಯೋರು ಯಾರು ಅಂದ್ಲು.”

ಎಡಗೈ ಹೆಬ್ಬೆಟ್ಟು ಒತ್ತಿದ. ಮುನಿವೆಂಕಟಮ್ಮ ಎಲ್ಲರಿಗೂ ಮಜ್ಜಿಗೆ ಕೊಟ್ಟಳು. ವಕೀಲರಿಗೂ ಕಾರಿನೊಳಗೆ ಕಳಿಸಿದಳು.

ಶಿವರಾತ್ರಿಗೆ ಎಂಟು ದಿನ ಇರುವಾಗ ಆಪರೇಷನ್ ಆಯಿತು. ಮೇ ತಿಂಗಳಿನಲ್ಲಿ ಬೋರಣ್ಣ ಕೆಲಸಕ್ಕೆ ಬಂದ. ಅಂಗೈ ಮುಕ್ಕಾಲು ಪಾಲು ತಿರುಗುತ್ತಿತ್ತು. ಟ್ರಾಲಿಯ ಕೆಲಸಕ್ಕೆ ಅಷ್ಟು ಸಾಲದು, ಹಲಗೆ ಅಳೆದು ಜೋಡಿಸುವ ಕೆಲಸಕ್ಕೆ ಹಾಕಿದರು. ಅದಕ್ಕೆ ಐವತ್ತು ರೂಪಾಯಿ. ಐದು ರೂಪಾಯಿ ಕಡಿಮೆ. ಟ್ರಾಲಿಗೆ ಹೊಸ ಸರಪಳಿ ಬಂದಿತ್ತು, ಹದಿನಾರು ರೂಪಾಯಿ ಆಗಿತ್ತು.

ಆ ಯುಗಾದಿಗೆ ಮಾಲೀಕರು ಎಲ್ಲರಿಗೂ ಪಂಚೆ ಕೊಟ್ಟರು, ನನಗೆ ಕೊಡಲಿಲ್ಲ. ಮರುವರ್ಷ ಕೊಟ್ಟರು. ಮನೆ ಬಿಡು ಎನ್ನಲಿಲ್ಲ. ಹೆಂಚನ್ನು ನನ್ನ ದುಡ್ಡಿನಲ್ಲೇ ಹೊದಿಸಿಕೊಂಡೆ. ಜೋಡಿ ಮುದ್ರೆ ಹೊಡೆಯುವುದನ್ನು ನಿಲ್ಲಿಸಬೇಕೆಂದು ಇನ್ಶೂರೆನ್ಸಿನವರು ಕಾಗದ ಬರೆದರು. ಸೇತುರಾಮಯ್ಯನವರು ಆ ಕಂಪನಿಯನ್ನೇ ನಿಲ್ಲಿಸಿದರು.

ಬಿಳೇಕಹಳ್ಳಿಯಲ್ಲಿ ಮಾತ್ರ ಒಂದು ಬದಲಾವಣೆ ಆಯಿತು. ದಬ್ಬೆ ಕಟ್ಟಲು ಬಂದವರು ಅದರ ಮೇಲೆ ತಮ್ಮ ಹೆಸರು, ತಾರೀಕು, ಕೆಲಸ ಮಾಡುವ ಜಾಗ, ಮಾಲೀಕನ ಹೆಸರು ಬರೆಸಿಕೊಂಡು ಬರತೊಡಗಿದರು. ಒಬ್ಬ ವಕೀಲರ ಸಹಿಯನ್ನೂ ಹಾಕಿಸಿದ್ದ. ಮುನಿವೆಂಕಟಮ್ಮ ಬೇಡ ಎನ್ನಲಿಲ್ಲ. ಬಿದಿರಾಗಿದ್ದರೆ ಸಾಕು ಎಂದಳು.

ಬೋರಣ್ಣ ತಿರುಗಿ ಬಂದ ಮೇಲಿನ ಮೊದಲ ಬಟವಾಡೆಯ ದಿನ ಸಾಲಿನಲ್ಲಿ ನಿಂತು ಬಲಗೈ ಚಾಚಿದ. ಅಂಗೈ ಪೂರ್ತಿ ಮಟ್ಟವಾಗಿರಲಿಲ್ಲ. ಚಿಲ್ಲರೆ ಒಂದು ಬದಿಗೆ ಜಾರಿತು, ಕೆಳಗೆ ಬೀಳಲಿಲ್ಲ.

ಅವನಿಗೆ ಸಿಕ್ಕಿದ್ದು ನೂರ ನಲವತ್ತು ರೂಪಾಯಿಯ ಸ್ಟೀಲು, ಔಷಧ, ಹದಿನೈದರಂತೆ ಏಳು ಕಂತು, ಮತ್ತು ಮುಕ್ಕಾಲು ತಿರುಗುವ ಒಂದು ಅಂಗೈ. ಹೋದದ್ದು ಏಳುನೂರ ಐವತ್ತಾರು ರೂಪಾಯಿ, ತಿಂಗಳಿಗೆ ಐದು ರೂಪಾಯಿ, ಉಳಿದ ಕಾಲು ಪಾಲು ಅಂಗೈ.